ಬೆಳೆಯ ಸಿರಿಯೂ ಮೊಳಕೆಯ ಜಂಬವೂ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಕಟ್ಟಿದ ಹಿರಿಯನು ಯಾವ ಕಾಲದವನೋ ಅರಿಯೆನು. ಆದರೆ ಅವನು ಹತ್ತು ವರ್ಷದ ಮಕ್ಕಳಿಗೆ ಶಟಲ್ ಬ್ಯಾಟು ಹಿಡಿಯಲು ಕಲಿಸುವ ಕೆಲಸಕ್ಕೆ ಇಳಿದವನಲ್ಲವೆಂದು ಮಾತ್ರ ಪ್ರಮಾಣಮಾಡಿ ಹೇಳಬಲ್ಲೆನು. ಸುರಪುರದಲ್ಲಿ ಸಂಜೆಯ ಹೊತ್ತು ಅಂಕಣದ ಬದಿಗೆ ಬಂದು ನಿಲ್ಲುವ ತಂದೆತಾಯಂದಿರಲ್ಲಿ ಬಹುಮಂದಿ ಈ ಗಾದೆಯನ್ನು ವೇದವಾಕ್ಯವೆಂದೇ ಭಾವಿಸಿ, ಹನ್ನೊಂದು ವರ್ಷದೊಳಗಿನವರ ಪಂದ್ಯದಲ್ಲಿ ಗೆದ್ದವನು ಮುಂದೆ ದೇಶಕ್ಕೆ ಆಡುವನೆಂದೂ, ಸೋತವನಿಗೆ ಆಟದ ಯೋಗವೇ ಇಲ್ಲವೆಂದೂ ತೀರ್ಪು ಕೊಟ್ಟುಬಿಡುತ್ತಾರೆ. “ನಮ್ಮ ಹುಡುಗನ ಕೈಯಾಗ ಆಟ ಐತೇನ್ರಿ ಸರ್? ಇಲ್ಲಂದ್ರ ಈಗs ಬಿಡಿಸಿ ಟ್ಯೂಷನ್ನಿಗೆ ಹಾಕ್ತೀನ್ರಿ” ಎಂದು ಕೇಳುವವರಿಗೆ, ಹತ್ತನೆಯ ವರ್ಷದಲ್ಲಿ ಆಟವಿರುವುದು ಕೈಯಲ್ಲಲ್ಲ, ಬಹುಪಾಲು ಜನ್ಮದಿನದ ದಾಖಲೆಯಲ್ಲಿ ಎಂದು ಹೇಳಿದರೆ ವಿನೋದಮಾಡುತ್ತಿದ್ದೇನೆಂದೇ ತಿಳಿಯುತ್ತಾರೆ.

ವಿನೋದವಲ್ಲ. ಬ್ಯಾಡ್ಮಿಂಟನ್ನಿನಲ್ಲಿ ವಯೋವರ್ಗವನ್ನು ಎಣಿಸುವುದು ಜನವರಿ 1ರಿಂದ. ಆದಕಾರಣ ಒಂದೇ ವರ್ಷದ ಜನವರಿಯಲ್ಲಿ ಜನಿಸಿದ ಬಾಲಕನೂ ಡಿಸೆಂಬರಿನಲ್ಲಿ ಜನಿಸಿದ ಬಾಲಕನೂ ಸಮವಯಸ್ಕರೆಂಬ ಹೆಸರಿನಲ್ಲಿ ಒಂದೇ ನೆಟ್ಟಿನ ಎರಡು ಕಡೆ ನಿಲ್ಲುತ್ತಾರೆ; ಆಯುಸ್ಸೇ ಹತ್ತು ವರ್ಷವಿರುವಾಗ ಹನ್ನೊಂದು ತಿಂಗಳೆಂದರೆ ಅದರ ಹತ್ತನೆಯ ಒಂದು ಪಾಲಿಗೆ ಸಮೀಪವಾಯಿತು. ಹಿರಿಯನು ಎತ್ತರದಲ್ಲಿ ಮುಂದು, ತೋಳಿನ ಬಲದಲ್ಲಿ ಮುಂದು. ಶಟಲ್ಲನ್ನು ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ದಾಟಿಸಬಲ್ಲ ಶಕ್ತಿಯೊಂದೇ ಆ ವಯಸ್ಸಿನಲ್ಲಿ ಪಂದ್ಯವನ್ನು ಗೆದ್ದುಕೊಡಲು ಸಾಕು. ಗೆದ್ದವನನ್ನು ಕಂಡು ಕೋಚ್ ಎನಿಸಿಕೊಂಡವನು ಹೊಸ ಶಟಲ್ಲುಗಳನ್ನೂ ಹೆಚ್ಚಿನ ಸಮಯವನ್ನೂ ಪರಸ್ಥಳದ ಪಂದ್ಯಗಳನ್ನೂ ಅವನಿಗೇ ಮೀಸಲಿಟ್ಟು, ಸೋತವನನ್ನು ನೆಲದ ಮೇಲಿನ ಶಟಲ್ ಆರಿಸುವುದಕ್ಕೆ ನಿಲ್ಲಿಸಿ, ಎರಡು ವರ್ಷಗಳ ತರುವಾಯ ಇಬ್ಬರ ನಡುವೆ ನಿಜವಾಗಿಯೇ ಅಂತರವೇರ್ಪಟ್ಟಾಗ ‘ನಾನು ಅಂದೇ ಹೇಳಿರಲಿಲ್ಲವೆ?’ ಎಂದು ತನ್ನ ದೂರದೃಷ್ಟಿಯನ್ನು ತಾನೇ ಪ್ರಶಂಸಿಸಿಕೊಳ್ಳುತ್ತಾನೆ. ಕೆನಡಾದ ಐಸ್ ಹಾಕಿಯ ಆಟಗಾರರಲ್ಲಿ ವರ್ಷಾರಂಭದ ತಿಂಗಳುಗಳಲ್ಲಿ ಜನಿಸಿದವರೇ ಅತಿಶಯವಾಗಿ ತುಂಬಿರುವುದನ್ನು ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು 1985ರಲ್ಲಿಯೇ ತೋರಿಸಿಕೊಟ್ಟರು. ಅಲ್ಲಿಯೂ ಎಣಿಕೆ ಜನವರಿ 1ರಿಂದಲೇ. ನಮ್ಮ ಕಡೆ ತಂದೆಯ ತಲೆಮಾರಿನವರಲ್ಲಿ ಅನೇಕರು ಶಾಲೆಯ ಮಾಸ್ತರರ ಕೃಪೆಯಿಂದ ಜೂನ್ 1ರಂದು ಜನಿಸಿದವರಾದ್ದರಿಂದ, ಜನ್ಮದಿನಕ್ಕೆ ಇಂಥ ಮಹತ್ವವುಂಟೆಂದರೆ ಅವರಿಗೆ ನಗೆ ಬರುವುದು ಸಹಜವೇ.

ಇದಾದ ಮೇಲೆ ದೇಹದ ಗಡಿಯಾರವೊಂದು ಬೇರೆಯುಂಟು. ಹೆಣ್ಣುಮಕ್ಕಳು ಸರಾಸರಿ ಹನ್ನೆರಡರ ಸುಮಾರಿಗೆ, ಗಂಡುಮಕ್ಕಳು ಹದಿನಾಲ್ಕರ ಸುಮಾರಿಗೆ ಒಮ್ಮೆಲೇ ಎತ್ತರಕ್ಕೆ ಏರುವರು. ಆದರೆ ಒಬ್ಬನಿಗೆ ಇದು ಹನ್ನೆರಡರಲ್ಲೇ ಆದರೆ ಮತ್ತೊಬ್ಬನಿಗೆ ಹದಿನಾರರವರೆಗೂ ತಡೆಯಬಹುದು. ಬೇಗ ಬೆಳೆದವನು ಬಲವನ್ನೇ ನಂಬಿ ಕಾಲಿನ ನಡೆಯನ್ನೂ ಮಣಿಕಟ್ಟಿನ ಚಾತುರ್ಯವನ್ನೂ ಕಲಿಯದೆ ಉಳಿಯುತ್ತಾನೆ. ತಡವಾಗಿ ಬೆಳೆಯುವವನು, ಅಷ್ಟರೊಳಗೆ ಅವನನ್ನು ಯಾರೂ ಓಡಿಸದಿದ್ದರೆ, ಬಲವಿಲ್ಲದ ಕಾರಣದಿಂದಲೇ ಉಪಾಯವನ್ನು ಕಲಿತಿರುತ್ತಾನೆ. ತೊಗರಿ ಬೆಳೆಯುವ ನಮ್ಮ ರೈತನು ಮೊದಲು ಮೊಳೆತ ಸಾಲನ್ನು ನೋಡಿ ಚೀಲಗಳನ್ನು ಎಣಿಸುವುದಿಲ್ಲ. ಅದೇ ರೈತನು ಮಗನ ವಿಷಯದಲ್ಲಿ ಮಾತ್ರ ಎಣಿಸತೊಡಗುವನು.

ಜರ್ಮನಿಯ ಆರ್ನೆ ಗ್ಯೂಲಿಖ್ ಮತ್ತು ಸಹಸಂಶೋಧಕರು ಅನೇಕ ಕ್ರೀಡೆಗಳ ಅಂಕಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಹದಿನೇಳು ಹದಿನೆಂಟರ ಕಿರಿಯರ ವರ್ಗದಲ್ಲಿ ಅಂತರರಾಷ್ಟ್ರೀಯ ಮಟ್ಟಕ್ಕೇರಿದವರಲ್ಲಿ ಶೇಕಡಾ 89ರಷ್ಟು ಜನ ಹಿರಿಯರ ವರ್ಗದಲ್ಲಿ ಆ ಮಟ್ಟವನ್ನು ಮುಟ್ಟಲಿಲ್ಲವೆಂದೂ, ಮುಟ್ಟಿದ ಹಿರಿಯರಲ್ಲಿ ಶೇಕಡಾ 82ರಷ್ಟು ಜನ ಕಿರಿಯರಾಗಿದ್ದಾಗ ಅಲ್ಲಿರಲೇ ಇಲ್ಲವೆಂದೂ ಕಂಡುಬಂದಿತು. ಹದಿನೇಳರ ಗತಿಯೇ ಹೀಗಿರಲು ಹತ್ತರ ಪದಕವನ್ನು ಗಾಜಿನ ಕಪಾಟಿನಲ್ಲಿಟ್ಟು ದೀಪ ಹಚ್ಚುವವರಿಗೆ ಏನು ಹೇಳೋಣ?

ಪ್ರಕಾಶ ಪಡುಕೋಣೆಯವರ ಹೆಸರನ್ನು ಹಿಡಿದು ನನ್ನೊಡನೆ ವಾದಕ್ಕೆ ಬರುವವರುಂಟು. ಬರಲಿ. ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆಯ ಛತ್ರವನ್ನೇ ಅಂಕಣಮಾಡಿಕೊಂಡು ಆಡಲು ಕಲಿತ ಆ ಬಾಲಕನು 1962ರಲ್ಲಿ ತನ್ನ ಪ್ರಥಮ ರಾಜ್ಯ ಕಿರಿಯರ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ ಸೋತನು. ಎರಡು ವರ್ಷಗಳಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದನೆಂಬುದು ನಿಜ. ಆದರೆ ಆ ಎರಡು ವರ್ಷ ಅವನನ್ನು ಛತ್ರಕ್ಕೆ ಕಳುಹಿಸುವುದನ್ನು ಮನೆಯವರು ನಿಲ್ಲಿಸಿರಲಿಲ್ಲವೆಂಬುದು ಅದಕ್ಕಿಂತ ದೊಡ್ಡ ನಿಜ. 1980ರ ಆಲ್ ಇಂಗ್ಲೆಂಡ್ ಪ್ರಶಸ್ತಿ ಆ ಸೋಲಿನ ಬಳಿಕದ್ದು. ಸ್ಕ್ವಾಷ್ ಆಟದ ಕೊಡವ ಕುವರಿ ಜೋಷ್ನಾ ಚಿಣ್ಣಪ್ಪ ಬಾಲ್ಯದಿಂದಲೂ ಗೆದ್ದವರೆಂಬುದನ್ನು ಒಪ್ಪುತ್ತೇನೆ. ಆದರೆ ತಂದೆ ಅಂಜನ್ ಸ್ವತಃ ಆಟಗಾರರಾಗಿದ್ದು ಮದ್ರಾಸಿನ ಕ್ಲಬ್ಬಿನ ಅಂಕಣ ಕೈಗೆಟುಕುವಂತಿದ್ದುದನ್ನು ಲೆಕ್ಕಕ್ಕೆ ಹಿಡಿಯದೆ ಅವರನ್ನು ಮೊಳಕೆಯ ನಿದರ್ಶನವೆನ್ನುವುದು ನ್ಯಾಯವಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕಂಬಿಗೆ ಜೋತುಬಿದ್ದರೆ ಎತ್ತರವಾಗುವುದಿಲ್ಲ, ಹಿತಮಿತವಾಗಿ ಭಾರವೆತ್ತಿದರೆ ಕುಳ್ಳಾಗುವುದೂ ಇಲ್ಲ. ಆಟದ ನಡುವೆ ನೀರು ಕುಡಿಯಬಾರದೆಂಬುದು ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಗೆಯಲ್ಲಿ ಅಜ್ಞಾನವಲ್ಲ, ಅಪಾಯ. ಹತ್ತು ಸಾವಿರ ಗಂಟೆಗಳ ಅಭ್ಯಾಸದಿಂದ ಯಾರಾದರೂ ನಿಪುಣರಾಗುವರೆಂಬುದು 1993ರಲ್ಲಿ ಪ್ರಕಟವಾದ ಪಿಟೀಲುವಾದಕರ ಅಧ್ಯಯನವೊಂದರ ಸರಾಸರಿಯನ್ನು ನಿಯಮವೆಂದು ತಿಳಿದುದರ ಫಲ.

ಈಚೆಗೆ ಬೆರಳಚ್ಚನ್ನು ಯಂತ್ರಕ್ಕೊತ್ತಿಸಿ, ನಿಮ್ಮ ಮಗುವಿಗೆ ಶಟಲ್ಲೋ ಸಂಗೀತವೋ ಎಂದು ಬಣ್ಣದ ಕಾಗದದಲ್ಲಿ ಬರೆದುಕೊಡುವ ವ್ಯಾಪಾರವೊಂದು ಹಬ್ಬಿದೆ. ಗರ್ಭದಲ್ಲಿಯೇ ಮೂಡಿ ಮುಗಿದ ಬೆರಳಿನ ಗೆರೆಗಳಿಗೂ ಆಟಕ್ಕೂ ಯಾವ ಸಂಬಂಧವೂ ಸ್ಥಾಪಿತವಾಗಿಲ್ಲ. ಹಸ್ತಸಾಮುದ್ರಿಕನಿಗೆ ಹತ್ತು ರೂಪಾಯಿ ಕೊಡಲೊಲ್ಲದ ಸುಶಿಕ್ಷಿತರು ಇಲ್ಲಿ ಸಾವಿರಗಟ್ಟಲೆ ಸುರಿಯುವರು. ಇಂಥ ಭವಿಷ್ಯವಾಣಿ ನಮ್ಮೂರಿಗೆ ಹೊಸದಲ್ಲ. ರಾಜಾ ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ, ಆ ರಾಜನು ಇಪ್ಪತ್ತನಾಲ್ಕನೆಯ ವರ್ಷವನ್ನು ಪೂರೈಸಲಾರನೆಂಬ ಜಾತಕದ ಕಥೆಯನ್ನು ಬರೆದಿಟ್ಟಿದ್ದಾನೆ. ಆ ತರುಣನ ಅಂತ್ಯಕ್ಕೆ 1858ರ ದಂಗೆಯೂ ಕಂಪನಿಯ ಸೈನ್ಯವೂ ಕಾರಣವಾದುವೆಂಬುದನ್ನು ಬಿಟ್ಟು ಜಾತಕವನ್ನಷ್ಟೇ ರುಚಿಕಟ್ಟಾಗಿ ಹೇಳುವ ಚಟ, ಮಕ್ಕಳ ಭವಿಷ್ಯವನ್ನು ಮೊದಲೇ ಓದಿಬಿಡಬೇಕೆಂಬ ಆತುರದ ಒಡಹುಟ್ಟು.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮಕ್ಕಳನ್ನು ಆರಿಸುವ ಸಹೋದ್ಯೋಗಿಗಳಲ್ಲಿ ನನ್ನದೊಂದು ಬಿನ್ನಹ: ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ಜನ್ಮತಿಂಗಳನ್ನೂ ಎತ್ತರವನ್ನೂ ಬರೆದುಕೊಳ್ಳಿರಿ, ಡಿಸೆಂಬರಿನ ಮಗು ಸೋತರೆ ಹದಿನೈದು ತುಂಬುವ ತನಕ ಅದರ ಹೆಸರನ್ನು ಹೊಡೆದುಹಾಕಬೇಡಿರಿ.