ನಿಮಗಿದು ಗೊತ್ತೆ? ದೋಶಿಯವರ ವಾಸ್ತುಪಾಠ
ಪುಣೆಯಲ್ಲಿ ಜನಿಸಿದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ (1927–2023), ಅಲಂಕಾರವನ್ನು ಬದಿಗಿಟ್ಟು ಉಪಯುಕ್ತತೆಗೂ ಕಾಂಕ್ರೀಟಿನಂಥ ಹೊಸ ಸಾಮಗ್ರಿಗಳಿಗೂ ಒತ್ತುಕೊಟ್ಟ ಆಧುನಿಕತಾವಾದಿ ವಾಸ್ತುಶೈಲಿಯನ್ನು ಪ್ಯಾರಿಸ್‌ನಲ್ಲಿ ಆ ಶೈಲಿಯ ಪ್ರಮುಖ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಕಚೇರಿಯಲ್ಲಿ ಅರಗಿಸಿಕೊಂಡು, ಅದನ್ನು ಭಾರತದ ಬಿಸಿಲು-ಮಳೆಗೆ ಒಗ್ಗಿಸಿದರು. 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ಶಾಲೆಯನ್ನು ಸ್ಥಾಪಿಸಿದ ಅವರು, ಅದರ ಕಟ್ಟಡವನ್ನೂ ತಾವೇ ರೂಪಿಸಿ, ತರಗತಿಯ ಒಳಗು-ಹೊರಗುಗಳ ಗಡಿಯನ್ನು ಬಹುಮಟ್ಟಿಗೆ ಅಳಿಸಿದರು. ಈ ಶಾಲೆಯೇ ಇಂದಿನ ಸೆಪ್ಟ್ ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ಫತೇಪುರ್ ಸಿಕ್ರಿಯ ಅಂಗಳಗಳಿಂದ ಪ್ರೇರಿತರಾಗಿ ಅವರು ರೂಪಿಸಿದ, ಬಳ್ಳಿಗಳು ಹಬ್ಬಿದ ಕಲ್ಲಿನ ಮೊಗಸಾಲೆಗಳು ಬಹುಶಃ ಅವರ ಅತ್ಯಂತ ಪಕ್ವವಾದ ಕೃತಿ. ವಾಸ್ತುಶಿಲ್ಪಿಗಳಿಗೆ ಸಲ್ಲುವ ಅತ್ಯುನ್ನತ ಗೌರವಗಳಲ್ಲೊಂದಾದ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು 2018ರಲ್ಲಿ ಪಡೆದ ದೋಶಿ, ಅದಕ್ಕೆ ಪಾತ್ರರಾದ ಮೊದಲ ಭಾರತೀಯ.