ಒಂದೇ ನೊಗಕ್ಕೆ ಇಬ್ಬರು ನಾಯಕರು!

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ರಾಜಕೀಯ ಸಿಗುತ್ತದೆ. 2004ರ ಚುನಾವಣೆಯಲ್ಲಂತೂ ಅದರ ಜೊತೆ ನಗುವೂ ಸಿಕ್ಕಿತು.

ಆ ಸಲ ಶಿಕಾರಿಪುರದ ಮತದಾರನಿಗೆ ಎರಡು ವೋಟು. ಲೋಕಸಭೆಗೆ ಎಸ್. ಬಂಗಾರಪ್ಪ, ವಿಧಾನಸಭೆಗೆ ಬಿ.ಎಸ್. ಯಡಿಯೂರಪ್ಪ. ಇಬ್ಬರದೂ ಕಮಲದ ಗುರುತೇ! ಒಬ್ಬರು ಸಮಾಜವಾದಿ ಗರಡಿಯಲ್ಲಿ ಬೆಳೆದು ಕಾಂಗ್ರೆಸ್ಸಿನಿಂದ ಮುಖ್ಯಮಂತ್ರಿಯಾಗಿದ್ದವರು. ಇನ್ನೊಬ್ಬರು ಸಂಘದ ಶಾಖೆಯಿಂದ ಬಂದವರು. "ಇನ್ನು ಬೀಗರಾಗೋದೊಂದು ಬಾಕಿ ಮಾರಾಯ್ರೆ" ಎಂದು ಮತದಾರ ನಕ್ಕರೆ ತಪ್ಪೇನು?

ಸೊರಬದಲ್ಲಿ ಇನ್ನೂ ಸೋಜಿಗ. ಅಲ್ಲಿ ಬಂಗಾರಪ್ಪನವರ ಮಕ್ಕಳೇ ಎದುರಾಳಿಗಳು. ಮಧು ಅಪ್ಪನ ಜೊತೆ ಬಿಜೆಪಿ, ಕುಮಾರ್ ಕಾಂಗ್ರೆಸ್. ಲೋಕಸಭೆಗೆ ಅಪ್ಪ ಗೆದ್ದರು, ಸೊರಬದಲ್ಲಿ ಕುಮಾರ್ ಗೆದ್ದರು. ಮನೆ ಒಂದು, ಬಾವುಟ ಎರಡು!

ನೊಗ ಬಹಳ ದಿನ ತಡೆಯಲಿಲ್ಲ. 2005ರಲ್ಲಿ ಬಂಗಾರಪ್ಪ ಬಿಜೆಪಿ ಬಿಟ್ಟು, ಸಮಾಜವಾದಿ ಪಕ್ಷದಿಂದ ಉಪಚುನಾವಣೆ ಗೆದ್ದರು. 2008ರಲ್ಲಿ ಶಿಕಾರಿಪುರಕ್ಕೇ ಬಂದು ಯಡಿಯೂರಪ್ಪನವರ ಎದುರು ನಿಂತರು. ಕಾಂಗ್ರೆಸ್ಸೂ ಜೆಡಿಎಸ್ಸೂ ಬೆನ್ನಿಗಿದ್ದರೂ 45 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ನಾಲ್ಕು ವರ್ಷದ ಹಿಂದೆ ಇಬ್ಬರಿಗೂ ವೋಟು ಹಾಕಿದವನು ಈಗ ಒಬ್ಬರನ್ನು ಆರಿಸಬೇಕಾಯ್ತು. ಅದೇ ಬೆರಳು, ಅದೇ ಶಾಯಿ.

ನಾಯಕರೇನೋ ಕೈ ಹಿಡಿದರು, ಬಿಟ್ಟರು. ಅವರ ಸಲುವಾಗಿ ಮಾತು ಬಿಟ್ಟ ನೆರೆಹೊರೆಯವರ ಗತಿ? ಇಲೆಕ್ಷನ್ ಬರೋದು ಐದು ವರ್ಷಕ್ಕೊಮ್ಮೆ. ಪಕ್ಕದಂಗಡಿಯ ಚಿಲ್ಲರೆ ದಿನಾ ಬೇಕು. ಜಗಳಾಡದೆ ನಕ್ಕವನೇ ಜಾಣ.