ಮನೆಯಲ್ಲಿ 4 ಗಾಂಜಾ ಗಿಡ ಬೆಳೆಯಲು ಅನುಮತಿ ಇದೆಯೇ? ಕತ್ತರಿ ವಿಡಿಯೊ ಹೇಳದೆ ಬಿಟ್ಟ ವಿಷಯ

ಕೈಗವಸು ಹಾಕಿದ ಎರಡು ಕೈ, ಸ್ಪ್ರಿಂಗ್ ಇರುವ ಪುಟ್ಟ ಕತ್ತರಿ, ಒಂದು ಗಾಂಜಾ ಹೂವಿನ ತೆನೆ. ತೆನೆಯ ಸುತ್ತಲಿನ ಎಲೆಗಳನ್ನು ಒಂದೊಂದಾಗಿ ಕತ್ತರಿಸುವ ವಿಡಿಯೊ. ಎಂಥ ಕತ್ತರಿ ಕೊಳ್ಳಬೇಕು, ಅಂಟು ಹಿಡಿದರೆ ಹೇಗೆ ತೊಳೆಯಬೇಕು ಎಂಬ ವಿವರವೂ ಇದೆ. ಯಾದಗಿರಿ ಜಿಲ್ಲೆಯ ಓದುಗರೊಬ್ಬರು ಇದನ್ನು ನಮಗೆ ಕಳುಹಿಸಿ, "ಇದು ಖರೇನಾ?" ಎಂದು ಕೇಳಿದ್ದಾರೆ. ಅವರ ಪ್ರಶ್ನೆ ಕತ್ತರಿಯ ಬಗ್ಗೆ ಅಲ್ಲ, ವಿಡಿಯೊ ಜೊತೆಗಿರುವ ಕನ್ನಡ ಬರಹದ ಬಗ್ಗೆ. ಅದರಲ್ಲಿ ಮೂರು ಮಾತುಗಳಿವೆ: ಮನೆ ಬಳಕೆಗೆ 4 ಗಿಡ ಬೆಳೆಯಬಹುದು, ಎಲೆ ಕತ್ತರಿಸಿ ತೂಕವನ್ನು 1 ಕೆ.ಜಿ. ಒಳಗೆ ಇಟ್ಟರೆ ಕೇಸ್ ಆಗುವುದಿಲ್ಲ, ನಮ್ಮ ಕಡೆ ದೇವಸ್ಥಾನದಲ್ಲೇ ಪ್ರಸಾದವಾಗಿ ಕೊಡುತ್ತಾರೆ.

ಮೊದಲ ಎರಡು ಸುಳ್ಳು. ಮೂರನೆಯದರಲ್ಲಿ ಅರ್ಧ ಸತ್ಯವಿದೆ.

ಈ '4 ಗಿಡ' ಎಲ್ಲಿಂದ ಬಂತು?

ಕೆನಡಾದಿಂದ ಬಂದಿರಬೇಕು. ಅಲ್ಲಿ 2018ರ ಅಕ್ಟೋಬರ್‌ನಲ್ಲಿ ಜಾರಿಯಾದ ಕಾನೂನಿನಂತೆ ಒಂದು ಮನೆಯಲ್ಲಿ 4 ಗಿಡ ಬೆಳೆಯಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರೊಬ್ಬರು 3 ಗಿಡ ಬೆಳೆಯಬಹುದು. ಕೊಯ್ಲಿನ ಕತ್ತರಿಗಳ ಇಂಥ ವಿಡಿಯೊಗಳು ತಯಾರಾಗುವುದು ಈ ಬಗೆಯ ಕಾನೂನಿರುವ ದೇಶಗಳಲ್ಲಿ. ಕನ್ನಡ ಬರಹ ಸೇರಿಸಿ ಇಲ್ಲಿಗೆ ಹರಿಬಿಟ್ಟವರು ದೇಶದ ಹೆಸರನ್ನು ಮಾತ್ರ ಕೈಬಿಟ್ಟಿದ್ದಾರೆ.

ಭಾರತದಲ್ಲಿ ನಡೆಯುವುದು 1985ರ ಎನ್‌ಡಿಪಿಎಸ್ ಕಾಯ್ದೆ. ಅದರ 8ನೇ ಸೆಕ್ಷನ್ ಗಾಂಜಾ ಗಿಡ ಬೆಳೆಯುವುದನ್ನೇ ನಿಷೇಧಿಸುತ್ತದೆ. ವೈದ್ಯಕೀಯ ಇಲ್ಲವೇ ವೈಜ್ಞಾನಿಕ ಉದ್ದೇಶಕ್ಕೆ, ಅದೂ ಸರ್ಕಾರದ ಪರವಾನಗಿ ಇದ್ದರೆ ಮಾತ್ರ ವಿನಾಯಿತಿ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಅನುಮತಿ ಕೊಡುವ ಅವಕಾಶ 14ನೇ ಸೆಕ್ಷನ್‌ನಲ್ಲಿದೆ. ಉತ್ತರಾಖಂಡ ಅದನ್ನು ಬಳಸಿಕೊಂಡಿದೆ. ಕುಂಡದಲ್ಲಿ ಒಂದೇ ಗಿಡವಿದ್ದರೆ ನಡೆಯುತ್ತದೆ ಎಂಬ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಇಂಥ ಫಾರ್ವರ್ಡ್‌ಗಳಿಗೆ ಬಲ ಕೊಟ್ಟ ಎರಡು ನಿಜ ಸುದ್ದಿಗಳೂ ಇವೆ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆಯಿತು, ಭಾರತವೂ ಅದರ ಪರವಾಗಿ ಮತ ಹಾಕಿತು. ಆದರೆ ಗಾಂಜಾ ನಿಯಂತ್ರಿತ ವಸ್ತುಗಳ ಇನ್ನೊಂದು ಪಟ್ಟಿಯಲ್ಲಿ ಹಾಗೆಯೇ ಉಳಿದಿದೆ. 2021ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಈ ಗಿಡದ ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಒಪ್ಪಿತು. ಅದು ಬೀಜದ ಮಾತು, ಹೂವಿನದಲ್ಲ.

ಎಲೆ ಕತ್ತರಿಸಿದರೆ ಕೇಸ್ ತಪ್ಪುತ್ತದೆಯೇ?

ಹಲವರು ಮೋಸ ಹೋಗುವುದು ಇಲ್ಲೇ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎಲೆ ತೆಗೆದರೆ ತೂಕ ಇಳಿಯುವುದು ನಿಜ. ಗಾಂಜಾಕ್ಕೆ 'ಸಣ್ಣ ಪ್ರಮಾಣ'ದ ಮಿತಿ 1 ಕೆ.ಜಿ. ಎಂಬುದೂ ನಿಜ. ಆದರೆ ಸಣ್ಣ ಪ್ರಮಾಣ ಎಂದರೆ ಮಾಫಿ ಎಂದಲ್ಲ. ಅದಕ್ಕೂ 1 ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ.

ಅದಕ್ಕಿಂತ ದೊಡ್ಡ ವಿಷಯವೆಂದರೆ, ಈ ತೂಕದ ಲೆಕ್ಕವೆಲ್ಲ ಇಟ್ಟುಕೊಳ್ಳುವುದಕ್ಕೆ, ಸಾಗಿಸುವುದಕ್ಕೆ, ಮಾರುವುದಕ್ಕೆ ಸೇರಿದ್ದು. ಗಿಡ ಬೆಳೆದದ್ದಕ್ಕೆ 20ನೇ ಸೆಕ್ಷನ್‌ನಲ್ಲಿ ಬೇರೆಯೇ ಶಿಕ್ಷೆ ಇದೆ: 10 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ಅಲ್ಲಿ ತಕ್ಕಡಿಯ ಮಾತೇ ಇಲ್ಲ. ಎಷ್ಟೇ ನಾಜೂಕಾಗಿ ಎಲೆ ಕತ್ತರಿಸಿದರೂ ಗಿಡ ಬೆಳೆದದ್ದು ಬೆಳೆದದ್ದೇ.

ಇನ್ನು ಕತ್ತರಿಯ ಅಂಟು. ಹೂವಿನ ಮೇಲಿನ ಸೂಕ್ಷ್ಮ ಕೂದಲಿನಂಥ ಗ್ರಂಥಿಗಳಲ್ಲಿ ರಾಳ ಇರುತ್ತದೆ, ಮತ್ತೇರಿಸುವ ಟಿಎಚ್‌ಸಿ ಹೆಚ್ಚಾಗಿ ಇರುವುದು ಅದರಲ್ಲೇ. ಕತ್ತರಿಗೆ ಹತ್ತಿದ್ದನ್ನು ಕೆರೆದು ಇಟ್ಟುಕೊಳ್ಳಿ ಎಂದು ವಿಡಿಯೊ ಹೇಳುತ್ತದೆ. ಗಿಡದಿಂದ ಬೇರ್ಪಡಿಸಿದ ರಾಳಕ್ಕೆ ಕಾಯ್ದೆಯಲ್ಲಿರುವ ಹೆಸರು ಚರಸ್. ಅದರ 'ಸಣ್ಣ ಪ್ರಮಾಣ' 100 ಗ್ರಾಂ ಮಾತ್ರ.

ತಿಂಥಣಿಯ ಮಾತು

ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಗಾಂಜಾ ಸೇದುತ್ತಾರೆ, ಪ್ರಸಾದವೆಂದು ಪಡೆಯುತ್ತಾರೆ ಎಂದು 2020ರ ಸೆಪ್ಟೆಂಬರ್‌ನಲ್ಲಿ ಹಲವು ಪತ್ರಿಕೆಗಳು ವರದಿ ಮಾಡಿದ್ದವು. ಬೆಂಗಳೂರಿನ ಸಿನಿಮಾ ಮಂದಿಯ ಡ್ರಗ್ಸ್ ಪ್ರಕರಣ ಸದ್ದು ಮಾಡುತ್ತಿದ್ದ ಹೊತ್ತು ಅದು. ಶರಣ, ಆರೂಢ, ಅವಧೂತ ಪರಂಪರೆಯ ಕೆಲವರು ಇದನ್ನು ಧ್ಯಾನದ ದಾರಿ ಎಂದು ನಂಬುತ್ತಾರೆ. ಆ ನಂಬಿಕೆಯನ್ನು ಅಳೆಯುವುದು ನಮ್ಮ ಕೆಲಸವಲ್ಲ. ಆದರೆ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಧಾರ್ಮಿಕ ಬಳಕೆಗೆ ಗಾಂಜಾ ಗಿಡ ಬೆಳೆಯುವ ವಿನಾಯಿತಿ ಇಲ್ಲ. ಜಾತ್ರೆಯಲ್ಲಿ ಯಾರನ್ನೂ ಹಿಡಿಯಲಿಲ್ಲ ಎಂಬುದು ಹಿತ್ತಲಿನ ಗಿಡಕ್ಕೆ ಪರವಾನಗಿ ಆಗುವುದಿಲ್ಲ.

ಹೊಲ ಪಾಲಿಗೆ ಕೊಟ್ಟವರು ಇದನ್ನು ಓದಿ

ಹತ್ತಿ, ತೊಗರಿ ಸಾಲಿನ ನಡುವೆ ಬೆಳೆದ ಗಾಂಜಾ ಗಿಡಗಳನ್ನು ಪೊಲೀಸರು, ಅಬಕಾರಿಯವರು ಕಿತ್ತ ಸುದ್ದಿ ನಮ್ಮ ಭಾಗದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕಾಯ್ದೆಯ 46ನೇ ಸೆಕ್ಷನ್‌ನಂತೆ, ತನ್ನ ಜಮೀನಿನಲ್ಲಿ ಇಂಥ ಗಿಡ ಇದೆಯೆಂದು ಗೊತ್ತಾದ ಕೂಡಲೇ ಜಮೀನಿನವರು ಮಾಹಿತಿ ಕೊಡಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅವರಿಗೂ ಶಿಕ್ಷೆ. ಊರಲ್ಲಿದ್ದು ಹೊಲ ನೋಡುತ್ತಾ, ಬಿತ್ತಿದ್ದು ನಾನಲ್ಲ ಎಂದಷ್ಟೇ ಹೇಳಿ ಪಾರಾಗುವುದು ಕಷ್ಟ. ಪಾಲಿನ ಕರಾರನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಿ, ಬೆಳೆ ಎದೆಯೆತ್ತರ ಬಂದಾಗ ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ.

ಮನೆಯಲ್ಲಿ ಯಾರಾದರೂ ಗಾಂಜಾ ಬಿಡಲಾಗದೆ ಒದ್ದಾಡುತ್ತಿದ್ದರೆ 14446ಕ್ಕೆ ಕರೆ ಮಾಡಬಹುದು, ಹಣ ಬೇಕಿಲ್ಲ. ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416 ಇದೆ. ವ್ಯಸನಿಯೊಬ್ಬರು ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದರೂ, ತಾವಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿ ಮುಗಿಸಿದರೆ ವಿಚಾರಣೆಯಿಂದ ರಕ್ಷಣೆ ಪಡೆಯಲು 64ಎ ಸೆಕ್ಷನ್‌ನಲ್ಲಿ ಅವಕಾಶವಿದೆ. ಈ ಸೆಕ್ಷನ್ ಬಗ್ಗೆ ಒಂದು ಫಾರ್ವರ್ಡ್ ಕೂಡ ನಮಗೆ ಬಂದಿಲ್ಲ.

ಕತ್ತರಿಯ ಸಲಹೆಗಳು ಮಾತ್ರ ಸರಿ

ಹಾಗೆಂದು ವಿಡಿಯೊದಲ್ಲಿ ಎಲ್ಲವೂ ಸುಳ್ಳಲ್ಲ. ಗುಲಾಬಿ, ಮಲ್ಲಿಗೆ, ನಿಂಬೆ ಇರುವ ಮನೆಗೆ ಅಂಥ ಕತ್ತರಿ ಒಳ್ಳೆಯದೇ. ಮೊನೆ ಸಣ್ಣದಿರಲಿ. ಸ್ಪ್ರಿಂಗ್ ಇದ್ದರೆ ಕತ್ತರಿ ತಾನೇ ತೆರೆದುಕೊಳ್ಳುವುದರಿಂದ ಹೆಬ್ಬೆರಳಿಗೆ ನೋವು ಕಡಿಮೆ. ಅಂಗಡಿಯಲ್ಲೇ ಒಂದು ಒದ್ದೆ ಬಟ್ಟೆ ಕತ್ತರಿಸಿ ನೋಡಿ. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡರೆ ಆ ಕತ್ತರಿ ಬೇಡ. ಗಿಡದ ಅಂಟು ನೀರಿಗೆ ಹೋಗುವುದಿಲ್ಲ. ಹಲಸು ಕೊಯ್ಯುವಾಗ ಕೈಗೆ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಇಲ್ಲೂ ಅದೇ ಉಪಾಯ: ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ತಿರುಪಿನ ಬಳಿ ಒಂದು ಹನಿ ಎಣ್ಣೆ ಬಿಡಿ. ರೋಗ ಬಂದ ಗಿಡ ಕತ್ತರಿಸಿದ ಮೇಲೆ ಹೀಗೆ ಒರೆಸದೆ ಇನ್ನೊಂದು ಗಿಡಕ್ಕೆ ಹೋಗಬೇಡಿ. ದಾಳಿಂಬೆಯ ದುಂಡಾಣು ಅಂಗಮಾರಿ ಹರಡುವ ದಾರಿಗಳಲ್ಲಿ ಸವರುವ ಕತ್ತರಿಯೂ ಒಂದು.

ಮೊಂಡಾದರೆ ಸಾಣೆ ಹಿಡಿಯುವವರಿಗೆ ಕೊಡಿ. ಅಲಗಿನ ಇಳಿಜಾರು ಬದಿಗೆ ಮಾತ್ರ ಸಾಣೆ ಹಿಡಿಯಲು ಹೇಳಿ. ಒಂದರ ಮೇಲೊಂದು ಜಾರುವ ಒಳಬದಿಯನ್ನು ಉಜ್ಜಿದರೆ ಕತ್ತರಿ ಮತ್ತೆ ಕೂಡುವುದಿಲ್ಲ. ಸ್ಪಿರಿಟ್ ಬೇಗ ಬೆಂಕಿ ಹತ್ತುವಂಥದ್ದು, ಒಲೆ ಉರಿಯುವಾಗ ಅಡುಗೆಮನೆಯಲ್ಲಿ ಅದರ ಬಾಟಲಿ ತೆರೆಯಬೇಡಿ.